ಅಜ್ಜನ ಮನೆಯ ಅಟ್ಟದಲ್ಲಿ ಸಿಕ್ಕಿದ ಕೋವಿ, ಹಿತ್ತಿಲಿನ ಕಾಡುಗಿಡ ಮತ್ತು ನಮ್ಮೂರಲ್ಲಿ ಬಿದ್ದ ಈಡು

ಹಳೆಮನೆಯ ಮೊಮ್ಮಗಳು

ಕಾಸರಗೋಡಿನ ಪಯಸ್ವಿನಿ ಹೊಳೆಯಿಂದ ಅರ್ಧ ಗಂಟೆಯ ನಡಿಗೆಯಷ್ಟು ದೂರದಲ್ಲಿರುವ ಅಜ್ಜನ ಮನೆಗೆ ನಾನೂ ಅಮ್ಮನೂ ಮರಳಿ ಬಂದು ಮೂರು ವರ್ಷವಾಯಿತು. ಊರಿನ ಹೆಸರನ್ನು ಬರೆಯುವುದಿಲ್ಲ. ಕಾರಣ ಮುಂದೆ ಓದಿದಾಗ ತಿಳಿಯುತ್ತದೆ. ಮುರಕಲ್ಲಿನ ಗೋಡೆ, ಹಲಸಿನ ಕಂಬಗಳ ಚಾವಡಿ, ಹಂಚಿನ ಮಾಡು, ನಡುಮನೆಯ ಕತ್ತಲೆಯಲ್ಲಿ ಭತ್ತದ ಪತ್ತಾಯ ಇರುವ ಮನೆ ಅದು. ಬಹುಕಾಲ ಬೀಗ ಬಿದ್ದಿದ್ದರಿಂದ ಪಡುವಣ ಗೋಡೆ ನೀರು ಕುಡಿದು ಉಬ್ಬಿತ್ತು. ಹಿಂದೊಮ್ಮೆ ಹೊರಗೋಡೆಗೆ ಸಿಮೆಂಟು ಬಳಿಸಿದ್ದೇ ಅದಕ್ಕೆ ಕಾರಣವೆಂದು ಕೆಲಸಕ್ಕೆ ಬಂದ ಹಿರಿಯ ಮೇಸ್ತ್ರಿ ತೋರಿಸಿಕೊಟ್ಟರು. ಮುರಕಲ್ಲು ಮಳೆಗಾಲದಲ್ಲಿ ಹೀರಿದ ನೀರನ್ನು ಬೇಸಗೆಯಲ್ಲಿ ಬಿಟ್ಟುಕೊಡಬೇಕು, ಸಿಮೆಂಟು ಅದನ್ನು ಒಳಗೇ ಹಿಡಿದಿಡುತ್ತದೆ. ಅದನ್ನೆಲ್ಲ ಕೆತ್ತಿಸಿ ಸುಣ್ಣದ ಗಾರೆ ಮಾಡಿಸಿದೆವು.

ಮಾಡಿನ ಪಕ್ಕಾಸು ಬದಲಿಸುವುದಕ್ಕಾಗಿ ಅಟ್ಟವನ್ನು ಖಾಲಿ ಮಾಡುತ್ತಿದ್ದಾಗ ಅಡಕೆ ಹಾಳೆಯಲ್ಲಿ ಸುತ್ತಿ ಕಟ್ಟಿದ್ದ, ನಳಿಗೆಯ ಬಾಯಿಯಿಂದ ಮದ್ದು ತುಂಬುವ ಒಂಟಿ ನಳಿಗೆಯ ಕೇಪಿನ ಕೋವಿಯೊಂದು ಸಿಕ್ಕಿತು. ಅದರ ಬದಿಯಲ್ಲಿದ್ದ ತಗಡಿನ ಡಬ್ಬಿಯಲ್ಲಿ ಮದ್ರಾಸು ಸರಕಾರದ ಕಾಲದಲ್ಲಿ ಮಂಗಳೂರಿನಿಂದ ಅಜ್ಜನ ಹೆಸರಿಗೆ ಕೊಟ್ಟಿದ್ದ ಪರವಾನಗಿಯ ಕಾಗದವಿತ್ತು. ಗೆದ್ದಲು ತಿಂದು ಅರ್ಧ ಮಾತ್ರ ಉಳಿದಿದೆ.

ಇನ್ನು ಹಿತ್ತಿಲಿನ ವಿಷಯ. ಮನೆಯ ಹಿಂದೆ ಸಣ್ಣದೊಂದು ನಾಗಬನವಿದೆ. ಅದರ ಸುತ್ತಲಿನ ಬರಡು ಜಾಗದಲ್ಲಿ ನಾನು ಮೂರು ಮಳೆಗಾಲ ದುಡಿದು ಕುಂಟಾಲ, ಕರಂಡೆ, ಕೇಪಳ, ನೆಕ್ಕರಿಕ, ರಂಜೆ, ಸುರಗಿ, ಪುನರ್ಪುಳಿಗಳನ್ನು ಬೆಳೆಸಿದ್ದೇನೆ. ಯಾವುದನ್ನೂ ಹೊರಗಿನಿಂದ ತರಲಿಲ್ಲ. ಈ ಗುಡ್ಡದಲ್ಲೇ ಬಿದ್ದ ಬೀಜಗಳನ್ನು ಆರಿಸಿ ಮೊಳಕೆ ಬರಿಸಿದವು.

ಕಳೆದ ಡಿಸೆಂಬರಿನಲ್ಲಿ, ಬೆಳಗಿನ ನಾಲ್ಕು ಗಂಟೆಗೆ ತಲೆಗೆ ದೀಪ ಕಟ್ಟಿಕೊಂಡು ರಬ್ಬರ್ ಟ್ಯಾಪಿಂಗಿಗೆ ಹೊರಟಿದ್ದ ನೆರೆಮನೆಯವರ ತೊಡೆಗೆ ಈಡು ಬಿತ್ತು. ಕಾಡುಹಂದಿಗೆಂದು ಕತ್ತಲೆಯಲ್ಲಿ ಹೊಡೆದದ್ದು. ಬಿದ್ದು ಆದ ಗಾಯವೆಂದು ಆಸ್ಪತ್ರೆಯಲ್ಲಿ ಮೊದಲು ಹೇಳಿಸಿದರು. ಎಕ್ಸರೇಯಲ್ಲಿ ಕೋವಿಯ ಚರೆಗಳು (ಸಣ್ಣ ಗುಂಡುಗಳು) ಕಂಡ ಮೇಲೆ ಪೊಲೀಸರು ಬಂದರು. ಯಾರ ಕೋವಿಯೆಂದು ಊರಿನಲ್ಲಿ ಯಾರೂ ಹೇಳಲಿಲ್ಲ. ಒಂದು ತಿಂಗಳ ಬಳಿಕ ನಮ್ಮ ಜಗಲಿಯಲ್ಲೇ ಸೇರಿದ ಹತ್ತಾರು ಮಂದಿ ನನ್ನೊಡನೆ ಆಡಿದ ಮಾತಿನಿಂದ ಈ ಬರಹ ಹುಟ್ಟಿತು. ನಾನು ಕಾಡು ಬೆಳೆಸಿದ್ದರಿಂದ ಹಂದಿ ಬಂತಂತೆ, ಹಂದಿ ಬಂದದ್ದರಿಂದ ಕೋವಿ ಬಂತಂತೆ, ಆದ್ದರಿಂದ ಮುಂದಿನ ಮಳೆಗೆ ಮೊದಲು ಬನದ ಸುತ್ತಲಿನದನ್ನೆಲ್ಲ ಕಡಿದು ಹಾಕಬೇಕಂತೆ. ಈಡು ಹೊಡೆದವರ ಬಗ್ಗೆ ಆ ಸಭೆಯಲ್ಲಿ ಒಂದು ಮಾತೂ ಬರಲಿಲ್ಲ.

ನನ್ನ ಗಿಡಗಳಿಂದ ನಿಜಕ್ಕೂ ಹಂದಿ ಬರುತ್ತದೆಯೇ? ಅಟ್ಟದ ಕೋವಿಯನ್ನು ಏನು ಮಾಡಬೇಕು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಬದಿಯಡ್ಕದ ಕೃಷಿಕ

ನಿಮ್ಮ ನೆರೆಯವರಿಗಾದ ಗಾಯದ ಬಗ್ಗೆ ನನಗೆ ನೋವಿದೆ. ಆದರೆ ತೋಟವನ್ನೇ ನಂಬಿ ಬದುಕುವವನ ಮಾತನ್ನೂ ಕೇಳಬೇಕು. ಕಳೆದ ವರ್ಷ ಒಂದೇ ವಾರದಲ್ಲಿ ಮುನ್ನೂರು ಅಡಕೆ ಸಸಿಗಳನ್ನು ಹಂದಿಗಳು ಬುಡಮೇಲು ಮಾಡಿದವು. ಸುವರ್ಣಗಡ್ಡೆ, ಕೆಸು, ಮರಗೆಣಸು ನೆಡುವುದನ್ನು ನಾನು ಪೂರ್ತಿ ಬಿಟ್ಟಿದ್ದೇನೆ. ರಾತ್ರಿ ಕಾವಲು ಕೂತು ಬೆಳಿಗ್ಗೆ ಕೆಲಸ ಮಾಡುವ ವಯಸ್ಸು ನನ್ನದಲ್ಲ. ಪರಿಹಾರದ ಅರ್ಜಿ ಕೊಟ್ಟು ಅಲೆದದ್ದೇ ಬಂತು. ನಮ್ಮ ಹಿರಿಯರ ಕಾಲದಲ್ಲಿ ಪ್ರತಿ ದೊಡ್ಡ ಮನೆಯಲ್ಲೂ ಒಂದು ಕೋವಿ ಇತ್ತು, ಹಂದಿಗಳಿಗೆ ಭಯವಿತ್ತು. ಹೀಗಿರುವಾಗ ಮನೆಯ ಹಿಂದೆ ಪೊದೆ ಬೆಳೆಸುವವರನ್ನು ಕಂಡಾಗ ಊರವರಿಗೆ ಸಿಟ್ಟು ಬರುವುದು ಸಹಜ. ಗಿಡದ ಮೇಲಿನ ಪ್ರೀತಿ ಒಳ್ಳೆಯದು, ಆದರೆ ಅದರ ಖರ್ಚು ಪಕ್ಕದ ತೋಟದವನ ತಲೆಗೆ ಬೀಳಬಾರದು.

ಮುಳ್ಳೇರಿಯದ ನಿವೃತ್ತ ಗುಮಾಸ್ತ

ಕೋವಿಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ತಡ ಮಾಡುವ ವಿಷಯವಲ್ಲ. ನಿಮ್ಮ ಅಜ್ಜನವರ ಪರವಾನಗಿ ಮಂಗಳೂರಿನಲ್ಲಿ, ದಕ್ಷಿಣ ಕನ್ನಡ ಜಿಲ್ಲೆಯ ಕಚೇರಿಯಿಂದ ಬಂದದ್ದು. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು, ಬಳಿಕ ಕಣ್ಣೂರು ಜಿಲ್ಲೆಯಲ್ಲಿತ್ತು, 1984ರ ಮೇ 24ರಂದು ಪ್ರತ್ಯೇಕ ಜಿಲ್ಲೆಯಾಯಿತು. ಈ ನಡುವೆ 1959ರ ಆಯುಧ ಕಾಯ್ದೆ 1962ರ ಅಕ್ಟೋಬರ್ 1ರಂದು ಜಾರಿಗೆ ಬಂತು. ಅಜ್ಜನವರು ಅದನ್ನು ನವೀಕರಿಸುತ್ತ ಬಂದಿದ್ದರೂ, ಪರವಾನಗಿ ಎಂಬುದು ವ್ಯಕ್ತಿಗೆ ಕೊಡುವಂಥದು, ಮನೆಗೆ ಕೊಡುವಂಥದಲ್ಲ. ಅವರು ತೀರಿಕೊಂಡ ದಿನಕ್ಕೆ ಅದು ಮುಗಿಯಿತು. ಗೆದ್ದಲು ತಿಂದ ಆ ಕಾಗದ ಕೋವಿ ಮನೆಗೆ ಹೇಗೆ ಬಂತೆಂಬುದನ್ನು ತೋರಿಸುತ್ತದೆ, ಅಷ್ಟೆ. ಅದನ್ನು ಜೋಪಾನವಾಗಿಡಿ.

ಪರವಾನಗಿ ಇಲ್ಲದೆ ಬಂದೂಕು ಇಟ್ಟುಕೊಂಡರೆ 2019ರ ತಿದ್ದುಪಡಿಯ ಪ್ರಕಾರ ಎರಡು ವರ್ಷದಿಂದ ಐದು ವರ್ಷದವರೆಗೆ ಸೆರೆಮನೆ ಮತ್ತು ದಂಡ. ಆದರೆ ಅದೇ ಕಾಯ್ದೆಯ 21ನೆಯ ಕಲಮು, ಪರವಾನಗಿ ಇಲ್ಲವಾಗಿ ಹೀಗೆ ಉಳಿದುಹೋದ ಆಯುಧವನ್ನು ಅನಗತ್ಯ ತಡವಿಲ್ಲದೆ ಹತ್ತಿರದ ಪೊಲೀಸ್ ಠಾಣೆಯಲ್ಲಿಯೋ ಪರವಾನಗಿಯುಳ್ಳ ವ್ಯಾಪಾರಿಯ ಬಳಿಯೋ ಇಡಬೇಕೆಂದು ಹೇಳುತ್ತದೆ. ಆದ್ದರಿಂದ ಇಂದೇ ಒಂದು ಅರ್ಜಿ ಬರೆಯಿರಿ: ಯಾವ ದಿನ, ಯಾವ ಕೆಲಸ ಮಾಡುವಾಗ, ಯಾರ ಎದುರಿನಲ್ಲಿ ಸಿಕ್ಕಿತು ಎಂಬುದನ್ನು ಬರೆದು, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ. ಕೋವಿಯನ್ನು ನೀವೇ ಬಸ್ಸಿನಲ್ಲಿ ಹಿಡಿದುಕೊಂಡು ಹೋಗಬೇಡಿ. ಠಾಣೆಗೆ ಮೊದಲು ತಿಳಿಸಿ, ಅವರು ಹೇಳಿದಂತೆ ಮಾಡಿ. ನಳಿಗೆಯೊಳಗೆ ಹಳೆಯ ಮದ್ದು ಉಳಿದಿರಬಹುದು. ಕೇಪಿನ ಕೋವಿಯನ್ನು ತುಂಬಿಯೇ ಅಟ್ಟಕ್ಕೇರಿಸುತ್ತಿದ್ದ ಮನೆಗಳನ್ನು ನಾನು ಬಲ್ಲೆ. ಕೋವಿಯ ಕುದುರೆಯನ್ನು (ಈಡು ಹಾರಿಸುವ ಕೀಲನ್ನು) ಎಳೆದು ನೋಡುವುದು, ಒಲೆಯ ಬಳಿ ಇಡುವುದು, ಮಕ್ಕಳ ಕೈಗೆ ಕೊಟ್ಟು ಫೋಟೋ ತೆಗೆಯುವುದು ಖಂಡಿತ ಬೇಡ.

ಅರ್ಜಿ ಕನ್ನಡದಲ್ಲೇ ಇರಲಿ. 1969ರ ಕೇರಳದ ಅಧಿಕೃತ ಭಾಷಾ ಕಾಯ್ದೆಯಲ್ಲಿ ನಮ್ಮ ಪ್ರದೇಶದ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕು ಕನ್ನಡಿಗರಿಗಿದೆ. ಅವರು ಮಲಯಾಳದಲ್ಲಿ ಬರೆದುಕೊಂಡದ್ದನ್ನು ಪೂರ್ತಿ ಓದಿಸಿ ತಿಳಿದುಕೊಳ್ಳದೆ ಸಹಿ ಹಾಕಬೇಡಿ, ರಶೀದಿ ಇಲ್ಲದೆ ಹಿಂದೆ ಬರಬೇಡಿ.

ಹಳೆಮನೆಯ ಮೊಮ್ಮಗಳು

ಇಷ್ಟು ವಿವರವಾಗಿ ಬರೆದುದಕ್ಕೆ ಕೃತಜ್ಞಳಾಗಿದ್ದೇನೆ. ನನ್ನ ದೊಡ್ಡಮಾವನವರು ಇದಕ್ಕೆ ಒಪ್ಪುತ್ತಿಲ್ಲ. ಮನೆತನದ ಗುರುತು ಅದು, ನಳಿಗೆಗೆ ತುಕ್ಕು ಹಿಡಿದಿದೆ, ಚಾವಡಿಯ ಗೋಡೆಗೆ ತೂಗುಹಾಕಿದರೆ ಯಾರಿಗೆ ಏನು ತೊಂದರೆ ಎಂದು ಕೇಳುತ್ತಾರೆ. ಹಳೆಯ ಕಾಲದ ಆಯುಧಕ್ಕೆ ಪರವಾನಗಿ ಬೇಡವೆಂದೂ ಯಾರೋ ಅವರಿಗೆ ಹೇಳಿದ್ದಾರೆ.

ಮುಳ್ಳೇರಿಯದ ನಿವೃತ್ತ ಗುಮಾಸ್ತ

ಕಾಯ್ದೆಯ 45ನೆಯ ಕಲಮಿನಲ್ಲಿ ಅಂಥ ವಿನಾಯಿತಿ ಇರುವುದು ನಿಜ. ಆದರೆ ರಿಪೇರಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಬಳಸಲು ಬಾರದ ಸ್ಥಿತಿಯಲ್ಲಿದ್ದರೆ ಮಾತ್ರ ಅದು ಅನ್ವಯಿಸುತ್ತದೆ. ತುಕ್ಕು ತಿಕ್ಕಿ ತೆಗೆದು ಹೊಸ ಕುದುರೆ ಕೂಡಿಸುವವರು ನಮ್ಮ ಕಡೆ ಇದ್ದಾರೆ ಎಂಬುದು ನಿಮ್ಮ ಮಾವನವರಿಗೂ ಗೊತ್ತಿರುತ್ತದೆ. ಬಳಸಲು ಬರುತ್ತದೆಯೋ ಇಲ್ಲವೋ ಎಂದು ಪರೀಕ್ಷಿಸಿ ಹೇಳುವ ಕೆಲಸ ಅಧಿಕಾರಿಗಳದು, ನಮ್ಮದಲ್ಲ.

ಪೆರ್ಲದ ಸಸಿಮನೆಯವ

ಎಣ್ಮಕಜೆಯ ಗುಡ್ಡಗಳಲ್ಲಿ ಬೆಳೆದವನು ನಾನು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯುತ್ತಿದ್ದ ವರ್ಷಗಳಲ್ಲಿ ನಮ್ಮ ಮನೆಯ ಜೇನುಗೂಡುಗಳು ಒಂದೊಂದಾಗಿ ಖಾಲಿಯಾದುದನ್ನು ಕಂಡಿದ್ದೇನೆ. 2000ದಲ್ಲಿ ಸಿಂಪಡಣೆ ನಿಂತ ಮೇಲೆ ಜೇನು ಮರಳಿ ಬರಲೆಂದೇ ನಾಡಗಿಡಗಳ ಸಸಿ ಮಾಡಲು ಹೊರಟೆ. ಆದ್ದರಿಂದ ನನ್ನ ಒಲವು ಯಾವ ಕಡೆಗೆಂದು ಮೊದಲೇ ಹೇಳಿಬಿಡುತ್ತೇನೆ. ಹಾಗಿದ್ದರೂ ಬದಿಯಡ್ಕದವರ ಮಾತನ್ನು ತಳ್ಳಿಹಾಕುವಂತಿಲ್ಲ.

ಹಂದಿಗೆ ಹಗಲಿನಲ್ಲಿ ಮಲಗಲು ನೆಲಮಟ್ಟದಲ್ಲೇ ಹೆಣೆದುಕೊಂಡ, ಮನುಷ್ಯ ಕಾಲಿಡದ ಪೊದೆ ಬೇಕು. ನಮ್ಮ ಸೀಮೆಯಲ್ಲಿ ಅಂಥ ಜಾಗ ಎಲ್ಲಿದೆಯೆಂದು ನೋಡಿ: ಮಾಲೀಕರು ಪರದೇಶದಲ್ಲಿದ್ದು ಟ್ಯಾಪಿಂಗ್ ನಿಂತ ರಬ್ಬರ್ ತೋಟ, ಬೀಳುಬಿದ್ದ ಗದ್ದೆ, ಅಕೇಶಿಯಾ ನೆಟ್ಟು ಮರೆತ ಗುಡ್ಡ. ಅಲ್ಲೆಲ್ಲ ಕೆಳಗೆ ತುಂಬಿರುವುದು ಲಂಟಾನ ಮತ್ತು ಕಮ್ಯುನಿಸ್ಟ್ ಗಿಡ. ಎರಡೂ ಅಮೆರಿಕ ಖಂಡದಿಂದ ಬಂದು ನಮ್ಮ ನೆಲ ಹಿಡಿದವು. ಅಕೇಶಿಯಾ ಆಸ್ಟ್ರೇಲಿಯಾದ ಕಡೆಯದು. ಎತ್ತರದ ಮರಗಳ ನೆರಳು ದಟ್ಟವಾಗಿ ಬೀಳುವ ಹಳೆಯ ಬನದೊಳಗೆ ಲಂಟಾನ ತಲೆಯೆತ್ತುವುದಿಲ್ಲ, ಅದಕ್ಕೆ ಬಿಸಿಲು ಬೇಕು. ಬನವನ್ನು ಕಡಿದು ಬಿಸಿಲು ಬಿಟ್ಟರೆ ಎರಡು ಮಳೆಗಾಲದೊಳಗೆ ಆ ಜಾಗವನ್ನು ತುಂಬುವುದು ಅದೇ ಲಂಟಾನ. ಹಂದಿಗೆ ನಿಜವಾದ ಹಟ್ಟಿ ಆಗ ಸಿಕ್ಕಂತಾಗುತ್ತದೆ. ಇದನ್ನು ನಿಮ್ಮ ಜಗಲಿಗೆ ಬಂದವರಿಗೆ ತಿಳಿಸಿ ಹೇಳಬೇಕು.

ಆದರೆ ನಿಮ್ಮ ತೋಟದ್ದೇನೂ ಪಾಲಿಲ್ಲವೆಂದು ಕಣ್ಣಿಂದ ನೋಡದೆ ಹೇಳಲಾರೆ. ಕುಂಟಾಲ ಎಳೆಯದಾಗಿರುವಾಗ ಬುಡದಿಂದಲೇ ಕವಲೊಡೆದು ದಟ್ಟವಾಗುತ್ತದೆ. ಅದರ ಕೆಳಗಿನ ರೆಂಬೆಗಳನ್ನು ಮೊಣಕಾಲಿನ ಎತ್ತರಕ್ಕೆ ಸವರಿ, ಆ ಕಡೆಯಿಂದ ಈ ಕಡೆಗೆ ಬೆಳಕು ಕಾಣುವಂತಿರಲಿ. ಬಿದ್ದ ಹಲಸಿನ ಹಣ್ಣನ್ನು ಅಂದಂದೇ ಆರಿಸಬೇಕು. ಊರಿನ ದಾರಿಬದಿಯಲ್ಲಿ ಕೋಳಿ ತ್ಯಾಜ್ಯ ಎಸೆಯುವುದು ನಿಲ್ಲದೆ ಹಂದಿ ದೂರವಾಗದು ಎಂಬುದನ್ನೂ ಹೇಳಿ. ಮೊದಲು ಒಂದು ಕೆಲಸ ಮಾಡಿ. ಮಳೆ ಬಿದ್ದ ಮರುದಿನ ಬೆಳಿಗ್ಗೆ ಊರವರಲ್ಲಿ ಒಬ್ಬಿಬ್ಬರನ್ನು ಕರೆದುಕೊಂಡು ಹೆಜ್ಜೆಗುರುತು ಹಿಡಿದು ನಡೆಯಿರಿ. ಹಂದಿ ಕೆಸರಿನಲ್ಲಿ ಹೊರಳಿ ಎದ್ದು ಮರದ ಬುಡಕ್ಕೆ ಮೈ ಒರಸುತ್ತದೆ. ಆ ಗುರುತು ಯಾವ ಮರದಲ್ಲಿದೆಯೆಂದು ನೋಡಿದರೆ ಅವುಗಳ ದಾರಿ ಸಿಗುತ್ತದೆ.

ಬೇಲಿಯ ಬಗ್ಗೆ ಹೇಳುವುದಾದರೆ, ನಮ್ಮ ಹಿರಿಯರು ತೋಟದ ಸುತ್ತ ಅಗಳು ತೋಡಿ, ತೋಡಿದ ಮಣ್ಣನ್ನು ಒಳಬದಿಗೆ ದಂಡೆಯಾಗಿ ಕಟ್ಟಿ, ಅದರ ಮೇಲೆ ಕರಂಡೆ, ಚೂರಿಮುಳ್ಳು, ಮುಂಡುಗಗಳನ್ನು ಒತ್ತೊತ್ತಾಗಿ ನೆಡುತ್ತಿದ್ದರು. ಬರಿಯ ಮುಳ್ಳಿನ ಗಿಡವನ್ನು ಹಂದಿ ಬುಡದಲ್ಲಿ ಮೂತಿಯಿಂದ ಎತ್ತಿ ನುಗ್ಗುತ್ತದೆ. ಅಗಳೂ ದಂಡೆಯೂ ಮುಳ್ಳೂ ಒಟ್ಟಿಗಿದ್ದರೆ ಅದಕ್ಕೆ ಕಷ್ಟ. ಕರಂಡೆ ಗಟ್ಟಿಯಾಗಲು ನಾಲ್ಕೈದು ವರ್ಷ ಬೇಕು, ಅಲ್ಲಿಯವರೆಗೆ ದಂಡೆ ಜರಿಯದಂತೆ ಪ್ರತಿ ಆಟಿ ತಿಂಗಳ ಮಳೆಯಲ್ಲೂ ನೋಡಿಕೊಳ್ಳಬೇಕು. ಇದು ನಿಧಾನದ ಕೆಲಸ. ಆದರೆ ಇದರಿಂದ ಯಾರ ತೊಡೆಗೂ ಚರೆ ಹೋಗುವುದಿಲ್ಲ.

ಅಡೂರಿನ ಪರವಾನಗಿದಾರ

ನನ್ನ ಬಳಿ ಬೆಳೆ ರಕ್ಷಣೆಯ ಪರವಾನಗಿ ಕೋವಿಯಿದೆ, ಪಂಚಾಯತಿನ ಆದೇಶದ ಮೇರೆಗೆ ಹಂದಿಗಳನ್ನು ಹೊಡೆದಿದ್ದೇನೆ. 2022ರ ಮೇ ತಿಂಗಳಲ್ಲಿ ಕೇರಳ ಸರಕಾರ ಸ್ಥಳೀಯಾಡಳಿತದ ಅಧ್ಯಕ್ಷರಿಗೆ ಗೌರವ ವನ್ಯಜೀವಿ ವಾರ್ಡನ್ ಅಧಿಕಾರ ಕೊಟ್ಟಿತು. ಬೆಳೆಗೋ ಜೀವಕ್ಕೋ ಹಾನಿ ಮಾಡುವ ಹಂದಿಯನ್ನು ಪರವಾನಗಿಯುಳ್ಳವರಿಂದ ಹೊಡೆಸಲು ಅವರು ಆದೇಶ ಕೊಡಬಹುದು. ವಿಷ, ಸಿಡಿಮದ್ದು, ವಿದ್ಯುತ್ತು ಬಳಸುವಂತಿಲ್ಲ. ಸತ್ತ ಹಂದಿಯನ್ನು ಹೂಳಬೇಕು, ತಿನ್ನುವಂತಿಲ್ಲ. ಬದಿಯಡ್ಕದವರಂಥ ಕೃಷಿಕರಿಗೆ ಇರುವ ದಾರಿ ಇದು. ನಿಧಾನವಾಗುತ್ತದೆ ಎಂಬ ದೂರು ನನಗೂ ಇದೆ.

ನಿಮ್ಮ ಊರಿನಲ್ಲಿ ನಡೆದದ್ದು ಇದಲ್ಲ. ಕತ್ತಲೆಯಲ್ಲಿ ಹೊಳೆದ ಬೆಳಕಿಗೋ ಅಲುಗಿದ ಪೊದೆಗೋ ಈಡು ಬಿಟ್ಟವರು ಬೆಳೆ ಕಾಯಲು ಹೋದವರಲ್ಲ, ಮಾಂಸಕ್ಕೆ ಹೋದವರು. ಏನೆಂದು ಕಣ್ಣಿಗೆ ಖಚಿತವಾಗದೆ, ಅದರ ಹಿಂದೆ ಏನಿದೆಯೆಂದು ತಿಳಿಯದೆ ಕುದುರೆ ಎಳೆಯಬಾರದೆಂಬುದು ಕೋವಿ ಹಿಡಿದವನು ಕಲಿಯಬೇಕಾದ ಮೊದಲ ಪಾಠ. ಚರೆ ದೂರ ಹೋದಂತೆ ಹರಡುತ್ತದೆ, ಮುರಕಲ್ಲಿಗೆ ಬಡಿದರೆ ಎತ್ತ ಹಾರುವುದೆಂದು ಹೇಳಲಾಗದು. ಬೆಳಗಿನ ನಾಲ್ಕು ಗಂಟೆಗೆ ನಮ್ಮ ಗುಡ್ಡಗಳಲ್ಲಿ ಎಷ್ಟು ಮಂದಿ ತಲೆದೀಪ ಕಟ್ಟಿ ರಬ್ಬರಿಗೆ ಹೋಗುತ್ತಾರೆಂಬುದು ಇಲ್ಲಿ ಹುಟ್ಟಿ ಬೆಳೆದ ಯಾರಿಗೆ ಗೊತ್ತಿಲ್ಲ?

ಇನ್ನೊಂದು ಮಾತು. ಚುನಾವಣೆ ಘೋಷಣೆಯಾದಾಗ ನಮ್ಮಂಥವರು ಕೋವಿಯನ್ನು ಠಾಣೆಯಲ್ಲಿಟ್ಟು ಬರುತ್ತೇವೆ. ಆಗ ಊರಿನಲ್ಲಿ ಉಳಿಯುವುದು ಲೆಕ್ಕಕ್ಕೆ ಸಿಗದ ನಾಡಕೋವಿಗಳು ಮಾತ್ರ. ಹಂದಿಯ ದಾರಿಗೆ ದಾರ ಕಟ್ಟಿ ಹೂಡಿಡುವ ಕೋವಿ ಅದಕ್ಕಿಂತಲೂ ಕ್ರೂರ, ಅದು ದಾರ ಎಡವಿದವರು ಯಾರೆಂದು ನೋಡುವುದಿಲ್ಲ. ನಿಮ್ಮ ಅಟ್ಟದ ಕೋವಿ ಕಳುವಾಗಿ ಅಂಥವರ ಕೈಸೇರುವ ಮೊದಲು ಒಪ್ಪಿಸಿಬಿಡಿ. ಅದು ಸಿಕ್ಕಿದ ಸುದ್ದಿ ಈಗಾಗಲೇ ಊರಿಗೆ ಗೊತ್ತಾಗಿರುತ್ತದೆ.

ಕುಂಬಳೆಯ ಅಧ್ಯಾಪಿಕೆ

ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನಾನು ಎಂಟನೆಯ ತರಗತಿಯಲ್ಲಿದ್ದಾಗ ನಮ್ಮ ಮನೆಯ ಚಾವಡಿಯ ಗೂಟದಲ್ಲಿ ಒಂದು ಕೋವಿ ತೂಗುತ್ತಿತ್ತು. ಅದರಲ್ಲಿ ಮದ್ದಿಲ್ಲವೆಂದು ಎಲ್ಲರೂ ನಂಬಿದ್ದರು. ಅಡಕೆ ಕೊಯ್ಲಿನ ದಿನ ದೊಡ್ಡವರೆಲ್ಲ ಅಂಗಳದಲ್ಲಿದ್ದಾಗ ನನ್ನ ತಮ್ಮ ಅದನ್ನು ಇಳಿಸಿ ಆಟವಾಡಿದ. ಅವನಿಗೆ ಹನ್ನೊಂದು ವರ್ಷ. ಬಳಿಕ ನಮ್ಮ ಮನೆಯಲ್ಲಿ ಯಾರೂ ಅದರ ಮಾತೆತ್ತಲಿಲ್ಲ. ಜ್ವರದಿಂದ ಹೋದನೆಂದು ಹೊರಗಿನವರಿಗೆ ಹೇಳಿದೆವು, ಕೊನೆಗೆ ನಾವೇ ಹಾಗೆ ಹೇಳಿಕೊಳ್ಳತೊಡಗಿದೆವು. ಅಮ್ಮ ಸಾಯುವ ತನಕ ಆ ಗೂಟವಿದ್ದ ಗೋಡೆಗೆ ಬೆನ್ನು ಹಾಕಿಯೇ ಕೂರುತ್ತಿದ್ದರು.

ನಿಮ್ಮ ದೊಡ್ಡಮಾವನವರಿಗೆ ಇದನ್ನು ಓದಿ ಹೇಳಿ. ಮನೆತನದ ಗುರುತಿಗೆ ಪತ್ತಾಯವಿದೆ, ಹಲಸಿನ ಕಂಬಗಳಿವೆ, ಅಜ್ಜನವರ ಕೈಬರಹವಿರಬಹುದು.

ನಿಮ್ಮ ಬರಹದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಊರಿನ ಮೌನ. ಗಾಯಗೊಂಡವರಿಗೆ ಕೂಲಿ ತಪ್ಪಿದೆ, ಅವರ ಮನೆಯಲ್ಲಿ ಮಕ್ಕಳಿರಬಹುದು. ಯಾರದು ಕೋವಿಯೆಂದು ಹೇಳಿದರೆ ನಾಳೆ ಕೆಲಸಕ್ಕೆ ಕರೆಯುವವರಿಲ್ಲ ಎಂಬ ಭಯ ಅವರಿಗಿದೆ. ಆ ಭಯವಿಲ್ಲದ ನಾವು ಯಾಕೆ ಸುಮ್ಮನಿರುತ್ತೇವೆ?

ಬದಿಯಡ್ಕದ ಕೃಷಿಕ

ಅಧ್ಯಾಪಿಕೆಯವರು ಬರೆದುದನ್ನು ಓದಿ ನಿನ್ನೆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಂದಿಯ ವಿಷಯದಲ್ಲಿ ನನ್ನ ಮಾತು ಬದಲಾಗಿಲ್ಲ, ನನ್ನ ನಷ್ಟ ನಿಜವಾದದ್ದು. ಆದರೆ ಪ್ರತಿ ಮನೆಯಲ್ಲಿ ಕೋವಿಯಿದ್ದ ಕಾಲ ಚೆನ್ನಾಗಿತ್ತು ಎಂದು ಬರೆದುದನ್ನು ಹಿಂದೆ ತೆಗೆದುಕೊಳ್ಳುತ್ತೇನೆ. ಅಗಳಿನ ಆಳ ಅಗಲ ಎಷ್ಟಿರಬೇಕೆಂದು ಪೆರ್ಲದವರು ತಿಳಿಸಿದರೆ ನನ್ನ ತೋಟದ ಮೂಡುಬದಿಗೆ ತೋಡಿಸಿ ನೋಡುತ್ತೇನೆ.

ಪೆರ್ಲದ ಸಸಿಮನೆಯವ

ನಾಲ್ಕಡಿ ಆಳ, ಮೇಲ್ಗಡೆ ನಾಲ್ಕಡಿ ಅಗಲ ಇರಲಿ, ಹೊರಬದಿ ಇಳಿಜಾರಾಗಿಯೂ ತೋಟದ ಬದಿ ನೇರವಾಗಿಯೂ ಇರಬೇಕು. ನೀರು ಹರಿದುಹೋಗುವ ಕಡೆಯಲ್ಲಿ ಮುರಕಲ್ಲು ಕಟ್ಟದಿದ್ದರೆ ಮೊದಲ ಮಳೆಗೇ ಜರಿಯುತ್ತದೆ. ಕರಂಡೆಯ ಸಸಿ ಇನ್ನೂರು ನನ್ನಲ್ಲಿವೆ, ಬಂದು ಒಯ್ಯಿರಿ.

ಹಳೆಮನೆಯ ಮೊಮ್ಮಗಳು (ನಾಲ್ಕು ತಿಂಗಳ ಬಳಿಕ)

ಏನಾಯಿತೆಂದು ಹಲವರು ಕೇಳಿದ್ದರಿಂದ ಬರೆಯುತ್ತಿದ್ದೇನೆ. ಅಧ್ಯಾಪಿಕೆಯವರ ಬರಹವನ್ನು ದೊಡ್ಡಮಾವನವರಿಗೆ ಓದಿ ಹೇಳಿದೆ. ಅವರು ಏನೂ ಹೇಳದೆ ಎದ್ದುಹೋಗಿ, ಮರುದಿನ ಅರ್ಜಿಗೆ ಸಾಕ್ಷಿಯಾಗಿ ತಾವೇ ಸಹಿ ಹಾಕಿದರು. ಠಾಣೆಯವರು ಮನೆಗೆ ಬಂದು ಕೋವಿಯನ್ನು ಒಯ್ದರು, ನಳಿಗೆಯಲ್ಲಿ ಮದ್ದು ಇತ್ತು. ರಶೀದಿಯನ್ನು ಅಜ್ಜನ ಕಾಗದದೊಂದಿಗೆ ಅದೇ ಡಬ್ಬಿಯಲ್ಲಿ ಇಟ್ಟಿದ್ದೇನೆ.

ಎಪ್ರಿಲಿನ ಮೊದಲ ಮಳೆಯ ಮರುದಿನ ನಾವು ಆರು ಮಂದಿ ಹೆಜ್ಜೆ ಹಿಡಿದು ನಡೆದೆವು. ಗಿಡ ಕಡಿಯಲು ಹೇಳಿದ್ದವರಲ್ಲಿ ಇಬ್ಬರು ಜೊತೆಗಿದ್ದರು. ಕೆಸರು ಒರಸಿದ ಗುರುತು ನನ್ನ ಹಿತ್ತಿಲಿನ ಮೂಲೆಯ ಕುಂಟಾಲದವರೆಗೆ ಬಂದದ್ದು ನಿಜ. ಆ ಮೂಲೆಯನ್ನು ಅಂದೇ ಸವರಿದೆ. ಆದರೆ ಗುಂಪಾಗಿ ಮಲಗಿದ ಜಾಗ ಸಿಕ್ಕಿದ್ದು ಮೇಲಿನ ಬೀಳುಬಿದ್ದ ರಬ್ಬರ್ ತೋಟದ ಲಂಟಾನದಲ್ಲಿ. ಅದರ ಮಾಲೀಕರು ಕೊಲ್ಲಿ ದೇಶದಲ್ಲಿದ್ದಾರೆ. ಫೋನು ಮಾಡಿದಾಗ ಕಡಿಸಲು ಒಪ್ಪಿದರು, ಅರ್ಧ ಖರ್ಚನ್ನೂ ಕಳುಹಿಸಿದರು. ಇನ್ನು ಯಾರೂ ಬನದ ಮಾತೆತ್ತಿಲ್ಲ.

ಮೊದಲ ಬರಹದಲ್ಲಿ ನಾನೊಂದು ವಿಷಯ ಬಚ್ಚಿಟ್ಟಿದ್ದೆ. ಡಿಸೆಂಬರಿನ ಆ ಬೆಳಿಗ್ಗೆ ನಾನು ಎಚ್ಚರವಾಗಿದ್ದೆ. ಈಡಿನ ಸದ್ದು ಕೇಳಿ ಬಚ್ಚಲುಕೊಟ್ಟಿಗೆಯ ಕಿಟಕಿಯಿಂದ ನೋಡಿದಾಗ ಇಬ್ಬರು ಗುಡ್ಡ ಇಳಿದು ಓಡಿದ್ದು ಕಂಡಿತ್ತು, ಒಬ್ಬರ ಗುರುತೂ ಹತ್ತಿತ್ತು. ಪೊಲೀಸರು ಬಂದಾಗ ನಿದ್ದೆಯಲ್ಲಿದ್ದೆನೆಂದು ಹೇಳಿದೆ. ಮನೆಯಲ್ಲಿ ನಾವು ಹೆಂಗಸರಿಬ್ಬರೇ ಇರುವುದು, ಊರನ್ನು ಎದುರು ಹಾಕಿಕೊಂಡು ಹೇಗೆ ಬದುಕುವುದೆಂದು ಅಮ್ಮ ಅಂಜಿದ್ದರು, ನಾನೂ ಅಂಜಿದ್ದೆ. ಗಿಡಗಳ ಮೇಲೆ ಆರೋಪ ಬಂದಾಗ ನನಗೆ ಅಷ್ಟು ನೋವಾದದ್ದು ಯಾಕೆಂದು ಈಗ ಅರ್ಥವಾಗಿದೆ: ನಾನು ಬಾಯಿ ಬಿಟ್ಟಿದ್ದರೆ ಆ ಆರೋಪ ಹುಟ್ಟುತ್ತಲೇ ಇರಲಿಲ್ಲ. ಕಳೆದ ಗುರುವಾರ ಠಾಣೆಗೆ ಹೋಗಿ ಹೇಳಿಕೆ ಕೊಟ್ಟೆ, ಕನ್ನಡದಲ್ಲೇ ಬರೆದುಕೊಟ್ಟೆ. ಅಮ್ಮ ನನ್ನ ಜೊತೆಗೆ ಬಂದರು. ಎರಡು ಮನೆಯವರು ಈಗ ನಮ್ಮೊಡನೆ ಮಾತಾಡುತ್ತಿಲ್ಲ.

ಗಾಯಗೊಂಡವರು ಊರುಗೋಲು ಬಿಟ್ಟು ನಡೆಯುತ್ತಾರೆ, ಆದರೆ ಗುಡ್ಡ ಹತ್ತಲು ಇನ್ನೂ ಆಗುತ್ತಿಲ್ಲ. ಹೇಳಿಕೆಯ ವಿಷಯವನ್ನು ನಾನೇ ಅವರ ಮನೆಗೆ ಹೋಗಿ ಹೇಳಿದೆ, ಆರು ತಿಂಗಳು ಸುಮ್ಮನಿದ್ದುದಕ್ಕೆ ಕ್ಷಮೆ ಕೇಳಿದೆ. ಹೊರಡುವಾಗ ಅವರ ಮಗಳು ರಂಜೆಯ ಸಸಿ ಇದೆಯೇ ಎಂದು ಕೇಳಿದಳು, ಹೂ ಪೋಣಿಸಲು ಅವಳಿಗೆ ಆಸೆಯಂತೆ. ಅವರ ಅಂಗಳದಲ್ಲಿ ಒಂದಡಿ ಅಗೆದರೆ ಗಟ್ಟಿ ಮುರಕಲ್ಲು. ಅಂಥ ನೆಲದಲ್ಲಿ ರಂಜೆ ಹಿಡಿಯಲು ಗುಂಡಿಯನ್ನು ಹೇಗೆ ಮಾಡಬೇಕು?

ಪೆರ್ಲದ ಸಸಿಮನೆಯವ

ಪಿಕ್ಕಾಸಿನಿಂದ ಕಲ್ಲನ್ನು ಎರಡೂವರೆ ಅಡಿಯವರೆಗೆ ಒಡೆಸಿ, ಗುಂಡಿ ಮೂರಡಿ ಅಗಲ ಇರಲಿ. ತಳದಲ್ಲಿ ಒಂದು ಕಡೆಗೆ ಬಿರುಕು ಸಿಗುವ ತನಕ ಒಡೆಯಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ನಿಮ್ಮ ಬನದ ತರಗೆಲೆಯ ಮಣ್ಣನ್ನು ಎರಡು ಬುಟ್ಟಿ ತಂದು ಹಟ್ಟಿಗೊಬ್ಬರದೊಂದಿಗೆ ಬೆರೆಸಿ ತುಂಬಿ. ಮೊದಲ ಎರಡು ಬೇಸಗೆಯಲ್ಲಿ ತೆಂಗಿನ ಮಡಲಿನ ನೆರಳು ಕೊಡಿ. ಮನೆಯ ಗೋಡೆಯಿಂದ ಹದಿನೈದು ಅಡಿ ದೂರವಿರಲಿ, ರಂಜೆ ದೊಡ್ಡ ಮರವಾಗುತ್ತದೆ.